ಪ್ರಾಣ ಹಿಂಡಿದ ಮಹಾಪ್ರಾಣ

ರಾತ್ರಿ ಒಂದೂ ಮುಕ್ಕಾಲು. ಹಾಂಗ್‌ಝೌ ಊರಿನ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಬಲಗಡೆ ಸೊಂಟ ಹಿಡ್ಕೊಂಡು, ಅರ್ಧ ಬಾಗಿ ನಿಂತಿದ್ದೆ. ಎದುರಿಗೆ ರಾತ್ರಿ ಪಾಳಿಯ ಸೆಕ್ಯುರಿಟಿಯವರು. ವಯಸ್ಸು ಅರವತ್ತರ ಹತ್ತಿರ. ನನಗೆ ಬರುತ್ತಿದ್ದ ಮ್ಯಾಂಡರಿನ್‌ನಲ್ಲಿ 'ಇಲ್ಲಿ ನೋವು' ಅಂದೆ. ಅವರು ಸರಿ ಸರಿ ಅಂತ ತಲೆಯಾಡಿಸಿ, ಒಳಗಿಂದ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದು ಹಾಕಿ, ನನ್ನ ಪಕ್ಕದಲ್ಲೇ ರಸ್ತೆ ಕಡೆ ಮುಖ ಮಾಡಿ ನಿಂತರು. ಇನ್ನೊಂದು ಸಲ ಹೇಳಿದೆ. ಇನ್ನೊಂದು ಸಲ ತಲೆಯಾಡಿಸಿದರು. ಮುಖದಲ್ಲಿ ಎಷ್ಟು ಕಾಳಜಿ ಇತ್ತೆಂದರೆ, 'ಅರ್ಥ ಆಗಿದೆ, ಆಂಬುಲೆನ್ಸ್‌ಗೆ ಹೇಳಿದ್ದಾರೆ' ಅಂತಲೇ ಅಂದುಕೊಂಡೆ. ಹಾಗೆ ಐದಾರು ನಿಮಿಷ ಇಬ್ಬರೂ ಖಾಲಿ ರಸ್ತೆ ನೋಡುತ್ತಾ ನಿಂತೆವು.

ನಾನು ಅವರಿಗೆ ಹೇಳಿದ್ದು 'ಇಲ್ಲಿ ಕಾಯಿರಿ' ಅಂತ. ಪಾಪ, ಕಾಯ್ತಾ ಇದ್ದರು.

ಇದು ಹೇಗಾಯ್ತು ಅನ್ನೋದನ್ನ ಹೇಳಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಇಲ್ಲಿಗೆ ಬಂದು ಆಗ ಒಂದು ವರ್ಷ ಆಗಿತ್ತು. ಮ್ಯಾಂಡರಿನ್ ಕಲಿಯುತ್ತಿದ್ದೇನೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಫೋನಿನ ಆ್ಯಪ್‌ನಲ್ಲಿ 160 ದಿನದ ಸ್ಟ್ರೀಕ್ ಬೇರೆ. 'ನನ್ನ ತಂದೆ ವೈದ್ಯರು', 'ಗ್ರಂಥಾಲಯ ಎಲ್ಲಿದೆ', 'ನಿನ್ನ ಬೆಕ್ಕು ಬಹಳ ಮುದ್ದಾಗಿದೆ' ಎಲ್ಲ ಬರುತ್ತಿತ್ತು. ನಮ್ಮಪ್ಪ ವೈದ್ಯರಲ್ಲ. ಗ್ರಂಥಾಲಯಕ್ಕೆ ನಾನು ಹೋಗಿಲ್ಲ. ಆಫೀಸಲ್ಲಿ ಸಹೋದ್ಯೋಗಿಗಳು ನನ್ನ ಮೇಲೆ ತಮ್ಮ ಇಂಗ್ಲಿಷ್ ಪ್ರ್ಯಾಕ್ಟೀಸ್ ಮಾಡುತ್ತಿದ್ದರು. ಹೊರಗೆ ವಿಚಾಟ್, ಅಲಿಪೇ, ಟ್ರಾನ್ಸ್‌ಲೇಟರ್ ಇದ್ದವು. ಇಲ್ಲಿ ಎಲ್ಲದಕ್ಕೂ ಒಂದು ಕ್ಯೂಆರ್ ಕೋಡ್. ಊಟ, ಮೆಟ್ರೋ, ಟ್ಯಾಕ್ಸಿ, ತರಕಾರಿ ಎಲ್ಲ ಸ್ಕ್ಯಾನ್ ಮಾಡಿದರೆ ಆಯ್ತು. ದಿನವಿಡೀ ಬಾಯಿ ತೆರೆಯದೆ ಬದುಕಬಹುದು, ನಾನು ಬದುಕುತ್ತಿದ್ದೆ ಕೂಡ.

ಆ ರಾತ್ರಿ ನೋವು ಶುರುವಾದಾಗ ಫೋನಿನಲ್ಲಿ ಶೇಕಡಾ ಮೂರು ಚಾರ್ಜ್ ಇತ್ತು. 'ಇಲ್ಲಿ ನೋಯುತ್ತಿದೆ' ಅಂತ ಟೈಪ್ ಮಾಡಿದೆ. ತೆರೆಯ ಮೇಲೆ ರೋಮನ್ ಲಿಪಿಯಲ್ಲಿ ಎರಡು ಪದ ಬಂದವು. ಎರಡನೆಯದರ ಸ್ಪೆಲಿಂಗ್ ಟಿ, ಇ, ಎನ್, ಜಿ. 'ತೆಂಗ್' ಅಂತ ಓದಿಕೊಂಡೆ. ಮಲೆನಾಡಿನವನಿಗೆ ತೆಂಗು ಮರೆಯುತ್ತದೆಯೇ? ಲಿಫ್ಟ್ ಇಳಿಯುವಷ್ಟರಲ್ಲಿ ಫೋನ್ ಸತ್ತಿತ್ತು. 'ತೆಂಗ್, ತೆಂಗ್' ಅಂತ ಜಪ ಮಾಡಿಕೊಂಡೇ ಗೇಟಿಗೆ ಬಂದೆ.

ಚೀನೀ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಅನ್ನುತ್ತಾರೆ. 1958ರಲ್ಲಿ ಇದು ಅಧಿಕೃತವಾಯಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಝೌ ಯೌಗುವಾಂಗ್ ಮೂಲತಃ ಅರ್ಥಶಾಸ್ತ್ರದವರು, 111 ವರ್ಷ ಬದುಕಿ 2017ರಲ್ಲಿ ತೀರಿಕೊಂಡರು. ಇವತ್ತು ಚೀನಾದ ಮಕ್ಕಳು ಶಾಲೆಯಲ್ಲಿ ಅಕ್ಷರ ಕಲಿಯುವುದು, ಬಹಳಷ್ಟು ಜನ ಫೋನಿನಲ್ಲಿ ಟೈಪ್ ಮಾಡುವುದು ಎಲ್ಲ ಇದರಲ್ಲೇ. ಒಳ್ಳೆಯ ಪದ್ಧತಿ. ಆದರೆ ಅದರಲ್ಲಿ ನಮ್ಮಂಥವರಿಗೆ ಒಂದು ಗುಂಡಿ ಇದೆ, ಅದನ್ನು ಯಾವ ಆ್ಯಪೂ ಹೇಳಿಕೊಡುವುದಿಲ್ಲ. ಯಾಕಂದ್ರೆ ಆ ಆ್ಯಪ್‌ಗಳು ಇಂಗ್ಲಿಷ್ ಮನೆಮಾತಿನವರಿಗೆ ಅಂತ ಬರೆದವು.

ಇಂಗ್ಲೆಂಡಿನವರು ಪದದ ಮೊದಲಲ್ಲಿ ಬರುವ ಪಿ, ಟಿ, ಕೆ ಅಕ್ಷರಗಳನ್ನು ಉಸಿರು ಬಿಟ್ಟು ಹೇಳುತ್ತಾರೆ. ಪೆನ್ ಅನ್ನೋದು ಅವರ ಬಾಯಲ್ಲಿ ಹೆಚ್ಚುಕಡಿಮೆ 'ಫೆನ್', ಅಂದರೆ ನಮ್ಮ ಹಳೆಯ ಮಹಾಪ್ರಾಣದ ಫ. ನಾವು ಮಾತ್ರ ಇಂಗ್ಲಿಷನ್ನೂ ಅಲ್ಪಪ್ರಾಣದಲ್ಲೇ ಆಡುವವರು. ಮ್ಯಾಂಡರಿನ್‌ಗೆ ಬೇಕಾಗಿರುವುದು ಆ ಉಸಿರು. ಅಲ್ಲಿ ಪ-ಬ, ತ-ದ, ಕ-ಗ ಅನ್ನುವ ವ್ಯತ್ಯಾಸವೇ ಇಲ್ಲ, ಇರುವುದು ಪ-ಫ, ತ-ಥ, ಕ-ಖ. ಪಿನ್‌ಯಿನ್‌ನಲ್ಲಿ ಬಿ ಅಂದರೆ ಪ, ಪಿ ಅಂದರೆ ಫ. ಡಿ ಅಂದರೆ ತ, ಟಿ ಅಂದರೆ ಥ. ಜಿ ಅಂದರೆ ಕ, ಕೆ ಅಂದರೆ ಖ. ಬಿ ಅಕ್ಷರವನ್ನು ನೀವು ಬ ಅಂದರೂ ನಡೆಯುತ್ತದೆ, ಅವರ ಕಿವಿ ಅದನ್ನು ಪ ಅಂತಲೇ ಹಾಕಿಕೊಳ್ಳುತ್ತದೆ. ಆದರೆ ಟಿ ಇರುವ ಕಡೆ ತ ಅಂದಿರೋ, ಅಲ್ಲಿಗೆ ಮುಗಿಯಿತು. ಅದು ಬೇರೆ ಪದ.

'ಥಂಗ್' ಅಂದರೆ ನೋವು. 'ತಂಗ್' ಅಂದರೆ ಕಾಯುವುದು. ಈ ಎರಡಕ್ಕೂ ಇರುವ ಅಂತರ ಒಂದು ಹಿಡಿ ಉಸಿರು, ಜೊತೆಗೆ ಒಂದು ರಾಗ. ನೋವಿನಲ್ಲಿ ಕುಗ್ಗಿ ಹೋಗಿದ್ದ ನನ್ನ ದನಿಗೆ ರಾಗವೂ ಕೆಳಗಿತ್ತು, ಕಾಯುವುದಕ್ಕೆ ಬೇಕಾಗುವ ರಾಗವೂ ಅದೇ. ಉಸಿರಂತೂ ನಾನು ಬಿಡಲೇ ಇಲ್ಲ.

ಪ್ರೈಮರಿ ಶಾಲೆಯಲ್ಲಿ ನಮ್ಮ ಕನ್ನಡ ಮೇಷ್ಟ್ರು 'ಬಾಷೆ ಅಲ್ಲವೋ, ಭಾಷೆ! ಹೊಟ್ಟೆಯಿಂದ ಉಸಿರು ಬರಲಿ' ಅಂತ ತಲೆ ಮೇಲೆ ಮೊಟಕುತ್ತಿದ್ದರು. ಮಹಾಪ್ರಾಣ ಇರುವುದು ಕಾಪಿ ಬರೆಯಲಿಕ್ಕೆ ಮಾತ್ರ, ಮಾತಾಡಲಿಕ್ಕೆ ಯಾಕೆ ಅಂತ ಆಗ ನಮ್ಮ ವಾದ. ಇಪ್ಪತ್ತು ವರ್ಷ ಬಿಟ್ಟು, ಚೀನಾದಲ್ಲಿ, ನಡುರಾತ್ರಿ ಮೇಷ್ಟ್ರು ಗೆದ್ದರು.

ಗೇಟಿನ ಕಥೆಗೆ ಬರೋಣ. ಸ್ಟೂಲ್ ಮೇಲೆ ಕೂರಲಾಗದೆ ಎದ್ದವನು ಪಕ್ಕದ ಹೂವಿನ ಕುಂಡದ ಹಿಂದೆ ವಾಂತಿ ಮಾಡಿಕೊಂಡೆ. ಆಗ ಅವರು 'ಆಯ್ಯಾ!' ಅಂದರು. ನಮ್ಮ ಅಯ್ಯೋಗೂ ಇದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ನನ್ನ ಸೊಂಟ ಮುಟ್ಟಿ, 'ಥಂಗ್? ಥಂಗ್ ಆ?' ಅಂತ ಕೇಳಿದರು. ಆ ಪದ ಹೇಗೆ ಕೇಳಿಸಬೇಕು ಅಂತ ನನಗೆ ಗೊತ್ತಾಗಿದ್ದು ಆ ಕ್ಷಣ. ಇನ್ನು ಸಾಯೋವರೆಗೂ ಮರೆಯುವುದಿಲ್ಲ. ವಾಕಿಟಾಕಿಯಲ್ಲಿ ಹಿಂದಿನ ಗೇಟಿನವರಿಗೆ ಏನೋ ಕೂಗಿ ಹೇಳಿದರು, ರಸ್ತೆಗೆ ಓಡಿ ಟ್ಯಾಕ್ಸಿ ನಿಲ್ಲಿಸಿದರು, ಡ್ರೈವರ್‌ಗೆ ಆಸ್ಪತ್ರೆ ಹೆಸರು ಹೇಳಿದರು. ಬಾಗಿಲು ಹಾಕುವ ಮುಂಚೆ ನನ್ನ ಶರ್ಟಿನ ಜೇಬಿಗೆ ಮಡಚಿದ ನೋಟುಗಳನ್ನು ತುರುಕಿದರು. ಆಮೇಲೆ ನೋಡಿದರೆ ನೂರರ ಮೂರು ನೋಟು.

ಆ ಮುನ್ನೂರು ಯುವಾನ್ ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನೋದು ಆಸ್ಪತ್ರೆ ಒಳಗೆ ಹೋದ ಮೇಲೆ ತಿಳೀತು. ಇಲ್ಲಿ ಸಾಮಾನ್ಯವಾಗಿ ಮೊದಲು 'ಕ್ವಾ ಹಾವ್' ಮಾಡಿಸಬೇಕು, ಅಂದರೆ ಕೌಂಟರಿನಲ್ಲಿ ಹೆಸರು ಬರೆಸಿ, ದುಡ್ಡು ಕಟ್ಟಿ, ನಂಬರ್ ತಗೋಬೇಕು. ಆಮೇಲೆ ಡಾಕ್ಟರ್. ಅವರು ಬರೆದ ಪರೀಕ್ಷೆಗೆ ಮತ್ತೆ ದುಡ್ಡು ಕಟ್ಟಿ ಪರೀಕ್ಷೆ, ವಾಪಸ್ ಡಾಕ್ಟರ್, ಮತ್ತೆ ಕಟ್ಟಿ ಔಷಧಿ. ನನ್ನ ದುಡ್ಡೆಲ್ಲ ಸತ್ತ ಫೋನಿನೊಳಗೆ. ಗೋಡೆ ಪಕ್ಕದಲ್ಲಿ ಬಾಡಿಗೆ ಪವರ್ ಬ್ಯಾಂಕುಗಳ ಪೆಟ್ಟಿಗೆ ಇತ್ತು, ಹಸಿರು ದೀಪ ಮಿನುಗುತ್ತಾ. ಅದನ್ನು ತೆಗೆಯೋದಕ್ಕೆ ಫೋನಿನಲ್ಲಿ ಸ್ಕ್ಯಾನ್ ಮಾಡಬೇಕು! ಇದನ್ನು ಡಿಸೈನ್ ಮಾಡಿದವನೂ ನನ್ನ ಹಾಗೆ ಒಬ್ಬ ಇಂಜಿನಿಯರ್ರೇ ಇರಬೇಕು.

ನರ್ಸ್ 'ನಾ ಲಿ ಪು ಷೂಫು?' ಅಂದರು. ಎಲ್ಲಿ ಹುಷಾರಿಲ್ಲ ಅಂತ. 'ನಾ ಲಿ' ಅಂದರೆ ಎಲ್ಲಿ ಅನ್ನೋದು ಗೊತ್ತಿತ್ತು, ಗ್ರಂಥಾಲಯದ ಪುಣ್ಯ. ಸೊಂಟ ತೋರಿಸಿ, ಇದ್ದಬದ್ದ ಉಸಿರನ್ನೆಲ್ಲ ಹಾಕಿ 'ಥಂಗ್' ಅಂದೆ. ಅವರಿಗೆ ಅರ್ಥವಾಯಿತು. ನನಗೆ ಕಣ್ಣಲ್ಲಿ ನೀರು ಬಂತು, ನೋವಿಗೋ ಭಾಷೆಗೋ ಗೊತ್ತಿಲ್ಲ. ಅಲ್ಟ್ರಾಸೌಂಡ್ ಮಾಡಿದರು, ಅದಕ್ಕೆ ಇಲ್ಲಿ 'ಪೀ ಛಾವ್' ಅಂತಾರೆ. ಮೂತ್ರದ ನಾಳದಲ್ಲಿ ಐದು ಮಿಲಿಮೀಟರ್ ಕಲ್ಲು. ಒಂದು ಇಂಜೆಕ್ಷನ್ ಕೊಟ್ಟರು. ಅದೇ ನರ್ಸ್ ನನ್ನ ಫೋನನ್ನು ತಮ್ಮ ಮೇಜಿನ ಮೇಲೆ ಚಾರ್ಜಿಗೆ ಹಾಕಿಕೊಂಡರು. ಬೆಳಗಿನ ಜಾವ ಹೊರಡುವಾಗ ಡಾಕ್ಟರ್ ಹೇಳಿದ್ದು 'ತುವೋ ಹ ಷುಯ್', ಜಾಸ್ತಿ ನೀರು ಕುಡಿ. ಚೀನಾದಲ್ಲಿ ನೆಗಡಿಗೂ ಇದೇ ಸಲಹೆ, ತಲೆನೋವಿಗೂ ಇದೇ ಸಲಹೆ, ಅದನ್ನು ಜೋಕ್ ಮಾಡಿಕೊಂಡು ಅವರೇ ನಗುತ್ತಾರೆ. ನನ್ನ ಕಾಯಿಲೆಗೆ ಮಾತ್ರ ಅದು ನಿಜವಾಗಿಯೂ ಔಷಧಿ.

ಮಾರನೆಯ ದಿನ ಸಂಜೆ ಮುನ್ನೂರು ಯುವಾನ್ ಹಿಡಿದು ಗೇಟಿಗೆ ಹೋದೆ. ಅವರು ತಗೊಳ್ಳಲಿಲ್ಲ. ಕೈ ಬೀಸಿ, ಆಮೇಲೆ ಆಮೇಲೆ ಅಂದರು. ಅವತ್ತೇ ನನ್ನ ಪಾಠ ಶುರುವಾಯಿತು.

ಅವರನ್ನು ನಾನು 'ಷಿಫು' ಅಂತ ಕರೆಯುತ್ತೇನೆ. ಗುರು, ಕಸುಬು ಬಲ್ಲವನು ಅಂತ ಅದರ ಅರ್ಥ. ಡ್ರೈವರ್, ಪ್ಲಂಬರ್, ಕಾವಲಿನವರು, ಬೀಗ ರಿಪೇರಿಯವರು ಎಲ್ಲರಿಗೂ ಇದೇ ಸಲ್ಲುತ್ತದೆ. ಬೆಂಗಳೂರಲ್ಲಿ ಆಟೋದವರನ್ನ 'ಗುರೂ' ಅಂತೀವಲ್ಲ, ಡಿಟೋ. ಷಿಫು ಅನ್‌ಹುಯ್ ಪ್ರಾಂತ್ಯದ ಹಳ್ಳಿಯವರು, ನಾವಿರುವ ಝೆಜಿಯಾಂಗ್‌ಗೆ ತಾಗಿದ ಪ್ರಾಂತ್ಯ ಅದು. ಸಂಜೆ ಆಫೀಸಿಂದ ಬಂದು ಹತ್ತು ನಿಮಿಷ ಅವರ ಗೂಡಿನ ಹತ್ತಿರ ನಿಲ್ಲೋದು. ಅದು ಅಕ್ಟೋಬರ್. ಹಾಂಗ್‌ಝೌನಲ್ಲಿ ಆ ಹೊತ್ತಿಗೆ ಬೀದಿಬೀದಿಯಲ್ಲಿ ಒಸ್ಮಾಂಥಸ್ ಹೂ ಅರಳಿ ಗಾಳಿಯೆಲ್ಲ ಸಿಹಿಯಾಗಿರುತ್ತದೆ. ಷಿಫು ಗೂಡಿನಲ್ಲಿ ಮಾತ್ರ ಸಿಗರೇಟಿನ ವಾಸನೆ.

ಅವರ ಮೊದಲ ಪಾಠಕ್ಕೆ ಉಪಕರಣ ಸಿಗರೇಟ್ ಲೈಟರ್. ಅದನ್ನು ಹೊತ್ತಿಸಿ ನನ್ನ ಬಾಯಿ ಮುಂದೆ ಹಿಡಿದು 'ತು ತ್ಸಿ' ಅನ್ನು ಅಂದರು, ಹೊಟ್ಟೆ ಅಂತ. ಜ್ವಾಲೆ ಅಲುಗಬಾರದು. ಆಮೇಲೆ 'ಥು ತ್ಸಿ'. ಈಗ ಜ್ವಾಲೆ ನಡುಗಬೇಕು. ನಡುಗಿದರೆ ಅದು ಮೊಲ. ಇವೆರಡಕ್ಕೆ ಉಸಿರಲ್ಲಷ್ಟೇ ವ್ಯತ್ಯಾಸ, ರಾಗ ಒಂದೇ. ತಲೆ ಮೇಲೆ ಎರಡು ಬೆರಳು ಕಿವಿ ಮಾಡಿಕೊಂಡು 'ನಿನ್ನ ಮೊಲ ನೋಯುತ್ತಾ?' ಅಂತ ಅವರು ಕೇಳಿದ್ದು ನೋಡಬೇಕಿತ್ತು. ಆ್ಯಪ್‌ನ 160 ದಿನಕ್ಕಿಂತ ಆ ಲೈಟರ್ ಹೆಚ್ಚು ಕಲಿಸಿತು. ಮನೆಗೆ ಬಂದು ನನ್ನ ನೋಟ್‌ಬುಕ್‌ನಲ್ಲಿ ಪಿನ್‌ಯಿನ್ ಎಲ್ಲ ಹೊಡೆದು ಹಾಕಿ ಕನ್ನಡದಲ್ಲಿ ಬರೆಯಲು ಶುರುಮಾಡಿದೆ. ನಮ್ಮ ಲಿಪಿಯಲ್ಲಿ ಪ ಬೇರೆ, ಫ ಬೇರೆ. ತ ಬೇರೆ, ಥ ಬೇರೆ. ರೋಮನ್‌ನಲ್ಲಿ ಒದ್ದಾಡುತ್ತಿದ್ದುದು ಕನ್ನಡದಲ್ಲಿ ಸಲೀಸಾಗಿ ಕೂತಿತು. ನೀವು ಯಾರಾದರೂ ಈ ಭಾಷೆ ಕಲಿಯಲು ಹೊರಟರೆ ದಯವಿಟ್ಟು ಮೊದಲ ದಿನದಿಂದಲೇ ಹೀಗೆ ಬರೆದುಕೊಳ್ಳಿ.

ರಾಗದ ವಿಷಯ. ಮ್ಯಾಂಡರಿನ್‌ಗೆ ನಾಲ್ಕು ರಾಗ ಅಂತ ಹೆದರಿಸುತ್ತಾರೆ. ನಾವು 'ಹೂಂ' ಒಂದನ್ನೇ ನಾಲ್ಕು ಥರ ಹೇಳುವ ಜನ. ಶ್ರುತಿಗೆ ಸಾ ಹಿಡಿದ ಹಾಗೆ ಮಟ್ಟಸವಾಗಿ ಎಳೆದ ಹೂಂ, ಮೊದಲನೆಯದು. ಫೋನಿನಲ್ಲಿ ಸರಿಯಾಗಿ ಕೇಳಿಸದಿದ್ದಾಗ 'ಹೂಂ?', ಎರಡನೆಯದು. ಅಮ್ಮ ಯಾವುದೋ ಜಾತಕ ಬಂದಿದೆ ಅಂದಾಗ ಗಂಟಲಾಳದಿಂದ ಇಷ್ಟವಿಲ್ಲದೆ ಬರುವ 'ಹೂಂ...', ಮೂರನೆಯದು. 'ಹೂಂ! ಸಾಕು ಸುಮ್ನಿರು' ಅಂತ ಕಡಿದು ಹಾಕುವುದು ನಾಲ್ಕನೆಯದು. ಗಂಟಲಿಗೆ ಇವೆಲ್ಲ ಗೊತ್ತು. ಕಷ್ಟ ಇರುವುದು ಬೇರೆ ಕಡೆ: ನಮಗೆ ರಾಗ ಅಂದರೆ ಭಾವ, ಅವರಿಗೆ ರಾಗ ಅಂದರೆ ಸ್ಪೆಲಿಂಗ್. ನಾವು ಅನುಮಾನದಲ್ಲಿ ಮಾತಾಡಿದರೆ ಎಲ್ಲ ಪದದ ಬಾಲ ಮೇಲೆ ಹೋಗುತ್ತದೆ, ಸಿಟ್ಟಲ್ಲಿ ಕೆಳಗೆ ಬೀಳುತ್ತದೆ, ಪದಗಳು ಬದಲಾಗಿ ಹೋಗುತ್ತವೆ. ಹೋಟೆಲಿನಲ್ಲಿ 'ಯೆನ್' ಕೇಳಿದೆ. ಬಾಲ ಮೇಲೆತ್ತಿದ್ದರೆ ಉಪ್ಪು ಬರುತ್ತಿತ್ತು. ಧೈರ್ಯವಾಗಿ ಮಟ್ಟಸವಾಗಿ ಕೇಳಿದ್ದರಿಂದ ಹುಡುಗ ಎದುರಿನ ಅಂಗಡಿ ತೋರಿಸಿ, ಸಿಗರೇಟ್ ಅಲ್ಲಿ ಸಿಗುತ್ತೆ ಅಂದ. 'ಮಾಯ್' ಕೆಳಗಿನ ರಾಗದಲ್ಲಿ ಕೊಳ್ಳುವುದು, ಕಡಿದು ಹಾಕಿದರೆ ಮಾರುವುದು. ಇಂಥ ಭಾಷೆಯಲ್ಲಿ ಅದು ಹೇಗೆ ಇಷ್ಟು ವ್ಯಾಪಾರ ನಡೀತಿದೆಯೋ!

ಷಿಫು ಕಲಿಸಿದ್ದರಲ್ಲಿ ವ್ಯಾಕರಣ ಏನೂ ಇಲ್ಲ. ನನ್ನ ದಿನದಲ್ಲಿ ಏನು ಬರುತ್ತದೋ ಅದು. ಊಟದ ಪಾರ್ಸೆಲ್ ತರುವ ಹುಡುಗ ಫೋನ್ ಮಾಡುತ್ತಾನೆ, ಗಾಳಿ ಸದ್ದಲ್ಲಿ ಒಂದೇ ಉಸಿರಿಗೆ ಏನೋ ಹೇಳುತ್ತಾನೆ. ಮೊದಲು ಆ ಫೋನ್ ಬಂದರೆ ಎದೆ ಬಡಿದುಕೊಳ್ಳುತ್ತಿತ್ತು, ಕಟ್ ಮಾಡಿ ಮೆಸೇಜ್ ಕಳಿಸುತ್ತಿದ್ದೆ. ಈಗ 'ಫಾಂಗ್ ಮನ್ ಖೌ' ಅಂತೀನಿ, ಬಾಗಿಲ ಹತ್ತಿರ ಇಡು ಅಂತ. ಹತ್ತರಲ್ಲಿ ಒಂಬತ್ತು ಸಲ ಅವನು ಕೇಳುತ್ತಿರುವುದು ಅದನ್ನೇ. ಟ್ಯಾಕ್ಸಿ ಹತ್ತಿದರೆ ಡ್ರೈವರ್ ಕೇಳುವುದು 'ವೇಯ್ ಹಾವ್', ಫೋನ್ ನಂಬರಿನ ಕೊನೆಯ ನಾಲ್ಕು ಅಂಕೆ. ಇಲ್ಲಿ ಒಂದು ಮೋಸ ಇದೆ. ಪುಸ್ತಕದಲ್ಲಿ ಒಂದಕ್ಕೆ 'ಯೀ', ಆದರೆ ಫೋನ್ ನಂಬರ್ ಹೇಳುವಾಗ ಜನ 'ಯಾವ್' ಅಂತಾರೆ, ಏಳಕ್ಕೆ ಇರುವ 'ಛೀ' ಜೊತೆ ಗೊಂದಲ ಆಗಬಾರದು ಅಂತ. ನನ್ನ ನಂಬರಿನ ಕೊನೆಗೆ ಎರಡು ಒಂದಿವೆ. ಮೊದಲ ಆರು ತಿಂಗಳು ಡ್ರೈವರ್‌ಗಳು ಹೇಳುತ್ತಿದ್ದ ನಂಬರ್ ನನ್ನದಲ್ಲ ಅಂತ ಎಷ್ಟು ಟ್ಯಾಕ್ಸಿ ಬಿಟ್ಟಿದ್ದೇನೋ.

ನಾಲ್ಕು ಮತ್ತು ಹತ್ತು ಇನ್ನೊಂದು ತಲೆನೋವು. ಪುಸ್ತಕದ ಪ್ರಕಾರ ನಾಲ್ಕು 'ಸಿ', ಹತ್ತು 'ಷಿ'. ಆದರೆ ಈ ಭಾಗದಲ್ಲಿ ಬಹಳ ಜನಕ್ಕೆ ಸ, ಷ ಎರಡೂ ಸ. ಷಿಫುಗೂ ಅಷ್ಟೇ, ತಮ್ಮ ಹೆಸರಿಗೆ ಅಂಟಿದ ಷಿಫುವನ್ನೇ ಅವರು ಸಿಫು ಅಂತಾರೆ. ನಮ್ಮಲ್ಲಿ ಶಂಕರ ಸಂಕರ ಆದ ಹಾಗೆ. ಹಾಗಾಗಿ ಕೊರಿಯರ್ ಅಂಗಡಿಯ ಅಕ್ಕ ಶೆಲ್ಫ್ ನಂಬರ್ ಹೇಳುವಾಗ ಕೈಯನ್ನೂ ನೋಡಬೇಕು. ಹತ್ತಕ್ಕೆ ಎರಡು ತೋರುಬೆರಳು ಅಡ್ಡಡ್ಡ ಇಡುತ್ತಾರೆ. ಆರಕ್ಕೆ ಹೆಬ್ಬೆರಳು ಕಿರುಬೆರಳು ಚಾಚುತ್ತಾರೆ, ನಾವು ಫೋನ್ ಮಾಡು ಅಂತ ಸನ್ನೆ ಮಾಡಿದ ಹಾಗೆ. ಒಂದರಿಂದ ಹತ್ತರವರೆಗೂ ಒಂದೇ ಕೈಯಲ್ಲಿ ಎಣಿಸಬಲ್ಲ ಜನ ಇವರು.

ದೊಡ್ಡ ಸಂಖ್ಯೆಗಳಲ್ಲಿ ಮಾತ್ರ ನಮಗೆ ಇಂಗ್ಲಿಷಿನವರಿಗಿಂತ ಸುಖ. ಇಲ್ಲಿ ಹತ್ತು ಸಾವಿರಕ್ಕೆ 'ವಾನ್' ಅಂತ ಬೇರೆ ಪದ. ಮನೆ ರೇಟು, ಸಂಬಳ ಎಲ್ಲ ವಾನ್‌ನಲ್ಲೇ. ಹತ್ತು ವಾನ್ ಅಂದರೆ ಒಂದು ಲಕ್ಷ, ಸಾವಿರ ವಾನ್ ಅಂದರೆ ಒಂದು ಕೋಟಿ. ಆಫೀಸಿನ ಅಮೆರಿಕದವನು ಇನ್ನೂ ಮಿಲಿಯನ್ನಿಗೆ ಬದಲಾಯಿಸಿಕೊಳ್ಳುತ್ತಾ ಬೆರಳು ಮಡಚುತ್ತಿರುವಾಗ ನಾನು ಲೆಕ್ಕ ಮುಗಿಸಿರುತ್ತೇನೆ. ಅಣ್ಣ-ತಮ್ಮ, ಅಕ್ಕ-ತಂಗಿಗೆ ಬೇರೆ ಬೇರೆ ಪದ, ಸೋದರಮಾವನಿಗೆ ಚಿಕ್ಕಪ್ಪನಿಗೆ ಬೇರೆ ಬೇರೆ ಪದ, ಇವೂ ನಮಗೆ ಹೊಸತಲ್ಲ. ಷಿಫು ದಿನಾ ಕೇಳುವ ಮೊದಲ ಪ್ರಶ್ನೆ 'ಛ್ರ್ ಲ ಮಾ?', ಊಟ ಆಯ್ತಾ ಅಂತ. ವಾಕ್ಯದ ಕೊನೆಗೆ ಮಾ ಅಂಟಿಸಿದರೆ ಪ್ರಶ್ನೆ, ನಾವು ಆ ಅಂಟಿಸುವ ಹಾಗೆ. ಆಫೀಸಿನ ಹುಡುಗರು ಇದನ್ನ ಹಳೇ ಕಾಲದವರ ಮಾತು ಅಂತಾರೆ. ನಮ್ಮೂರಿನವನಿಗೆ ಅದೇ ಸರಿಯಾದ ಮಾತು.

ಅರ್ಥವಾಗದಿದ್ದಾಗ ಹೇಳಬೇಕಾದ್ದು 'ಥಿಂಗ್ ಪು ತುಂಗ್'. ಕೇಳಿಸುತ್ತಿದೆ, ತಿಳೀತಿಲ್ಲ ಅಂತ. ತುಂಗ್ ಅಂದರೆ ತಿಳಿಯುವುದು. ಶಿವಮೊಗ್ಗ ಕಡೆಯವನಾದ ನಾನು ಆ ಪದವನ್ನು ಮರೆಯುವ ಪ್ರಶ್ನೆಯೇ ಇಲ್ಲ. ಈ ಒಂದು ವಾಕ್ಯ ಹೇಳಲು ನನಗೆ ಒಂದು ವರ್ಷ ನಾಚಿಕೆಯಾಗುತ್ತಿತ್ತು. ತಲೆಯಾಡಿಸಿ ಫೋನ್ ತೆಗೆಯುತ್ತಿದ್ದೆ. ಹಾಗೆ ನೋಡಿದರೆ ಆ ರಾತ್ರಿ ತಲೆಯಾಡಿಸಿದ್ದು ಷಿಫು ಒಬ್ಬರೇ ಅಲ್ಲ. ಅವರು ಸ್ಟೂಲ್ ಹಾಕಿದಾಗ ನಾನೂ ತಲೆಯಾಡಿಸಿ ಕೂತಿದ್ದೆ.

ಹೋಮ್‌ವರ್ಕ್ ಅಂತ ಒಂದು ಉಪಾಯ ಮಾಡಿಕೊಂಡಿದ್ದೇನೆ. ವಿಚಾಟ್‌ನಲ್ಲಿ ವಾಯ್ಸ್ ಮೆಸೇಜ್ ಒತ್ತಿ ಹಿಡಿದರೆ ಅದನ್ನು ಬರಹಕ್ಕೆ ಬದಲಾಯಿಸಿ ಕೊಡುತ್ತದೆ. ನನಗೆ ನಾನೇ ಮಾತು ಕಳಿಸಿ ಏನು ಬರುತ್ತೆ ನೋಡುವುದು. ಸಹೋದ್ಯೋಗಿಗಳು ದಾಕ್ಷಿಣ್ಯಕ್ಕೆ 'ನಿನ್ನ ಚೈನೀಸ್ ಚೆನ್ನಾಗಿದೆ' ಅಂತಾರೆ, ಷಿಫು ಅರ್ಧ ಊಹೆ ಮಾಡಿ ಅರ್ಥ ಮಾಡಿಕೊಳ್ಳುತ್ತಾರೆ. ಯಂತ್ರಕ್ಕೆ ದಾಕ್ಷಿಣ್ಯ ಇಲ್ಲ. 'ನನಗೆ ನಿದ್ದೆ ಮಾಡಬೇಕು' ಅಂದದ್ದು 'ನನಗೆ ಕಡುಬು ಬೇಕು' ಅಂತ ಬಂದಿದೆ. ಪದ ಒಂದೇ ಥರ, ರಾಗ ಬೇರೆ. ಎರಡೂ ನಿಜವೇ ಆಗಿತ್ತು, ಆ ಮಾತು ಬೇರೆ.

ವಸಂತ ಹಬ್ಬಕ್ಕೆ ಷಿಫು ಊರಿಗೆ ಹೋದರು. ಇಡೀ ದೇಶವೇ ಊರಿಗೆ ಹೋಗುವ ಸಮಯ ಅದು, ನಮ್ಮ ಅಪಾರ್ಟ್‌ಮೆಂಟ್ ಖಾಲಿ ಹೊಡೆಯುತ್ತಿತ್ತು. ಆ ಮುನ್ನೂರು ಇನ್ನೂ ನನ್ನ ಹತ್ತಿರವೇ ಇತ್ತು, ಮೂರು ಸಲ ಕೊಡಲು ಹೋಗಿ ಮೂರು ಸಲವೂ ವಾಪಸ್ ಬಂದಿದ್ದೆ. ಹಬ್ಬದ ದಿನ ಕೊಟ್ಟರೆ ಬೇಡ ಅನ್ನಲಿಕ್ಕಾಗಲ್ಲ ಅಂತ ವಿಚಾಟ್‌ನಲ್ಲಿ ಕೆಂಪು ಲಕೋಟೆ ಕಳಿಸಿದೆ. ಒಂದು ಲಕೋಟೆಗೆ ಇನ್ನೂರು ಯುವಾನ್ ಮಿತಿ, ಹಾಗಾಗಿ ಇನ್ನೂರರದು ಎರಡು. ಸಾಲಕ್ಕೆ ಮುನ್ನೂರು, ಹಬ್ಬಕ್ಕೆ ನೂರು ಅಂತ ನನ್ನ ಲೆಕ್ಕ. ಅವರು ಒಂದನ್ನು ಮಾತ್ರ ತೆರೆದರು. ತೆರೆಯದ ಲಕೋಟೆ 24 ಗಂಟೆ ಆದ ಮೇಲೆ ಕಳಿಸಿದವರಿಗೇ ವಾಪಸ್ ಬರುತ್ತದೆ. ಬಂತು.

ಅದರ ಹಿಂದೆಯೇ ಅವರ ಒಂದು ವಾಯ್ಸ್ ಮೆಸೇಜ್. ಹಿಂದೆ ಪಟಾಕಿ ಸದ್ದು, ಮಕ್ಕಳ ಗಲಾಟೆ, ಷಿಫು ಪೂರ್ತಿ ಅವರೂರಿನ ಭಾಷೆಗೆ ಇಳಿದಿದ್ದರು. ನಾಲ್ಕು ಸಲ ಕೇಳಿದೆ. ಬರಹಕ್ಕೆ ಬದಲಾಯಿಸಿದರೆ ಯಂತ್ರವೂ ಕೈಚೆಲ್ಲಿ ಏನೇನೋ ಬರೆಯಿತು. ಕೊನೆಯ ಮಾತು ಮಾತ್ರ ನನ್ನ ಕಿವಿಗೆ ಸಿಕ್ಕಿತು: 'ಹಾಯ್ ಥಂಗ್ ಪು ಥಂಗ್?' ಇನ್ನೂ ನೋಯುತ್ತಾ, ಇಲ್ವಾ?

'ಪು ಥಂಗ್ ಲ, ಷಿಫು' ಅಂತ ಹೇಳಿ ಕಳಿಸಿದೆ. ಈಗ ಇಲ್ಲ ಅಂತ. ಆಮೇಲೆ ಅನುಮಾನ ಬಂದು ನನ್ನ ಮೆಸೇಜನ್ನೇ ಒತ್ತಿ ಹಿಡಿದು ಬರಹ ಮಾಡಿ ನೋಡಿದೆ. 'ನೋವಿಲ್ಲ' ಅಂತಲೇ ಬಂದಿತ್ತು, 'ಇನ್ನು ಕಾಯಲ್ಲ' ಅಂತ ಅಲ್ಲ.